ಬಿಪಿಯ ಎರಡು ಅಂಕಿ: ಪಂಪು, ಪೈಪು, ನೀರಿನ ಲೆಕ್ಕ

ವಿಜಯಪುರದ ಹಳೆಯ ಊರಿನಲ್ಲಿ ಅಲ್ಲಲ್ಲಿ ಕಲ್ಲು ಗಾರೆಯ ಗೋಪುರಗಳು ನಿಂತಿವೆ. ಗೋಳಗುಮ್ಮಟ ನೋಡಲು ಬಂದವರು ಅವುಗಳ ಕಡೆ ತಿರುಗಿಯೂ ನೋಡುವುದಿಲ್ಲ. ಅವು ಕಾವಲು ಗೋಪುರಗಳಲ್ಲ, ನೀರಿನ ಗೋಪುರಗಳು. ಗಂಜ್ ಎಂದು ಕರೆಯುವುದುಂಟು. ಆದಿಲ್‌ಶಾಹಿ ಕಾಲದಲ್ಲಿ ತೊರವಿ ಕಡೆಯಿಂದ ಸುರಂಗದಲ್ಲಿ ನೀರು ಊರಿಗೆ ಬರುತ್ತಿತ್ತು. 1651ರಲ್ಲಿ ಕಟ್ಟಿದ ಬೇಗಂ ತಲಾಬ್ ಕೆರೆಯಿಂದ ಸುಟ್ಟ ಮಣ್ಣಿನ ಕೊಳವೆಗಳಲ್ಲೂ ಬರತೊಡಗಿತು. ಒತ್ತಡಕ್ಕೆ ಕೊಳವೆ ಸೀಳಬಾರದೆಂದು ದಾರಿಯ ನಡುನಡುವೆ ಈ ಗೋಪುರಗಳನ್ನು ಎಬ್ಬಿಸಿದ್ದರು. ನೀರು ಗೋಪುರದೊಳಗೆ ಮೇಲೇರಿ, ರಭಸ ಕಳೆದುಕೊಂಡು, ಹೂಳನ್ನು ತಳಕ್ಕೆ ಬಿಟ್ಟು ಮುಂದೆ ಸಾಗುತ್ತಿತ್ತು. ಒತ್ತಡವಿಲ್ಲದೆ ನೀರು ಸಾಗದು, ಒತ್ತಡ ಮಿತಿಮೀರಿದರೆ ಕೊಳವೆ ಬಾಳದು ಎಂಬುದು ಆ ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು.

ದವಾಖಾನೆಯಲ್ಲಿ ತೋಳಿಗೆ ಪಟ್ಟಿ ಸುತ್ತಿ ಹೇಳುವ 120/80, 150/95 ಎಂಬ ಅಂಕಿಗಳೂ ಇದೇ ಲೆಕ್ಕದವು. ಬಿಪಿಯನ್ನು ಬಹಳ ಮಂದಿ ಹೃದಯದ ರೋಗ ಎಂದುಕೊಂಡಿದ್ದಾರೆ, ಇನ್ನು ಕೆಲವರು ಸಿಟ್ಟಿನ ರೋಗ ಎನ್ನುತ್ತಾರೆ. ಎರಡೂ ಪೂರ್ತಿ ಸರಿಯಲ್ಲ. ಒತ್ತಡವೆಂಬುದು ಮೂರು ಸಂಗತಿಗಳು ಸೇರಿ ಹುಟ್ಟುವ ಫಲ: ಪಂಪು ಎಷ್ಟು ಎತ್ತುತ್ತದೆ, ಪೈಪು ಎಷ್ಟು ಬಿಗಿಯಾಗಿದೆ, ಒಳಗೆ ನೀರು ಎಷ್ಟಿದೆ. ಉಪ್ಪು, ತಂಬಾಕು, ವಯಸ್ಸು, ಬಿಸಿಲು, ನುಂಗುವ ಗುಳಿಗೆ, ಎಲ್ಲವೂ ಈ ಮೂರರಲ್ಲಿ ಎಲ್ಲೋ ಒಂದು ಕಡೆ ಕೈ ಹಾಕುತ್ತವೆ. ಯಾವುದು ಎಲ್ಲಿ ಕೈ ಹಾಕುತ್ತದೆಂದು ತಿಳಿದವರು ಗುಳಿಗೆಯನ್ನು ನಡುವೆ ಬಿಡುವುದಿಲ್ಲ.

ಒಂದಲ್ಲ, ಎರಡು ಪಂಪು

ಹೃದಯದ ತೂಕ ಸುಮಾರು 300 ಗ್ರಾಂ, ಗಾತ್ರ ಅವರವರ ಮುಷ್ಟಿಯಷ್ಟು. ಹೊರಗಿನಿಂದ ಒಂದೇ ಆಗಿ ಕಂಡರೂ ಒಳಗೆ ಅಕ್ಕಪಕ್ಕ ಅಂಟಿಕೊಂಡ ಎರಡು ಪಂಪುಗಳಿವೆ. ಮೈಯೆಲ್ಲ ಸುತ್ತಿ ಬಂದ ಆಮ್ಲಜನಕ ಕಡಿಮೆಯಾದ ರಕ್ತ ಮೇಲಿನ ಕೋಣೆಯಾದ ಬಲ ಹೃತ್ಕರ್ಣಕ್ಕೆ ಬಂದು ಬೀಳುತ್ತದೆ, ಅಲ್ಲಿಂದ ಕೆಳಗಿನ ಕೋಣೆಯಾದ ಬಲ ಹೃತ್ಕುಕ್ಷಿಗೆ ಇಳಿದು ಶ್ವಾಸಕೋಶಕ್ಕೆ ಹೋಗುತ್ತದೆ. ಅಲ್ಲಿ ಆಮ್ಲಜನಕ ತುಂಬಿಕೊಂಡು ಎಡ ಹೃತ್ಕರ್ಣಕ್ಕೆ ಮರಳಿ, ಎಡ ಹೃತ್ಕುಕ್ಷಿಯಿಂದ ಮೈಯ ಅತಿ ದೊಡ್ಡ ಪೈಪಾದ ಮಹಾಪಧಮನಿಗೆ ಚಿಮ್ಮುತ್ತದೆ. ಬಲಪಂಪಿನ ದಾರಿ ಹತ್ತಿರದ್ದು, ಪೈಪುಗಳೂ ಸಡಿಲ. ಹಾಗಾಗಿ ಅಲ್ಲಿಯ ಒತ್ತಡ 25/10ರ ಆಸುಪಾಸು ಸಾಕು, ಗೋಡೆಯ ದಪ್ಪ 3–4 ಮಿಲಿಮೀಟರ್. ಎಡಪಂಪು ತಲೆಯಿಂದ ಹೆಬ್ಬೆರಳಿನವರೆಗೆ ಮುಟ್ಟಿಸಬೇಕು, ಅದರ ಗೋಡೆ ಸುಮಾರು 1 ಸೆಂಟಿಮೀಟರ್. ತೋಳಿನಲ್ಲಿ ಅಳೆಯುವುದು ಈ ಎಡಪಂಪಿನ ಒತ್ತಡವನ್ನೇ.

ಬಾವಿಯ ಪಂಪಿಗೆ ಫುಟ್‌ವಾಲ್ವ್ ಇರದಿದ್ದರೆ ಎತ್ತಿದ ನೀರು ಹಿಂದಕ್ಕೆ ಇಳಿದುಹೋಗುತ್ತದೆ. ಹೃದಯದಲ್ಲಿ ಅಂಥ ಕವಾಟಗಳು ನಾಲ್ಕು. ಪ್ರತಿ ಪಂಪಿಗೂ ಒಳಬರುವ ಬಾಗಿಲಿಗೊಂದು, ಹೊರಹೋಗುವ ಬಾಗಿಲಿಗೊಂದು. ವೈದ್ಯರು ಕೇಳಿಸಿಕೊಳ್ಳುವ ಲಬ್–ಡಬ್ ಸದ್ದು ಇವು ಮುಚ್ಚಿಕೊಳ್ಳುವಾಗ ಹುಟ್ಟುವಂಥದ್ದು. ಮೊದಲ ಸದ್ದು ಒಳಬಾಗಿಲುಗಳದ್ದು, ಎರಡನೆಯದು ಹೊರಬಾಗಿಲುಗಳದ್ದು. ಕವಾಟ ಸರಿಯಾಗಿ ಮುಚ್ಚದೆ ರಕ್ತ ಹಿಂದೆ ಸೋರಿದರೂ, ಸರಿಯಾಗಿ ತೆರೆಯದೆ ರಕ್ತ ಸಂದಿಯಲ್ಲಿ ನುಗ್ಗಿದರೂ ಸುಯ್ ಎನ್ನುವ ಮೂರನೆಯ ಸದ್ದು ಸೇರಿಕೊಳ್ಳುತ್ತದೆ.

ವಿಶ್ರಾಂತಿಯಲ್ಲಿರುವಾಗ ಒಂದು ಬಡಿತಕ್ಕೆ ಹೆಚ್ಚುಕಡಿಮೆ 70 ಮಿಲಿಲೀಟರ್ ರಕ್ತ ಹೊರಬೀಳುತ್ತದೆ. ಚಹಾದಂಗಡಿಯ ಸಣ್ಣ ಕಪ್ಪಿನಷ್ಟು. ನಿಮಿಷಕ್ಕೆ 70 ಬಡಿತ ಎಂದರೆ ಸುಮಾರು 5 ಲೀಟರ್, ದಿನಕ್ಕೆ ಲಕ್ಷ ಬಡಿತ, 7,000 ಲೀಟರ್. ಆದರೆ ಮೈಯಲ್ಲಿರುವ ರಕ್ತವೇ ಕಿಲೋ ತೂಕಕ್ಕೆ ಸುಮಾರು 70 ಮಿಲಿಲೀಟರ್, 60 ಕಿಲೋ ತೂಗುವವರಲ್ಲಿ 4 ಲೀಟರಿಗಿಂತ ತುಸು ಹೆಚ್ಚು. ಅಂದರೆ ಅಷ್ಟೂ ರಕ್ತ ಒಂದು ನಿಮಿಷದೊಳಗೆ ಒಂದು ಸುತ್ತು ಮುಗಿಸುತ್ತದೆ. 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ರಕ್ತ ಸುತ್ತುತ್ತದೆಂದು ವಾದಿಸಿದ್ದಕ್ಕೆ ಇಂಥ ಗುಣಾಕಾರವೇ ದೊಡ್ಡ ಆಧಾರ. ಇಷ್ಟೊಂದು ರಕ್ತವನ್ನು ಮೈ ಪ್ರತಿ ಗಂಟೆ ಹೊಸದಾಗಿ ಮಾಡಲಾರದು, ಹೋದದ್ದೇ ಮರಳಿ ಬರಬೇಕು ಎಂದ. ಹೋಗುವ ಪೈಪಿಗೂ ಬರುವ ಪೈಪಿಗೂ ನಡುವಿನ ಕೂದಲೆಳೆಯಂಥ ಲೋಮನಾಳಗಳನ್ನು ಆತ ಕಂಡಿರಲಿಲ್ಲ. 1661ರಲ್ಲಿ ಇಟಲಿಯ ಮಾಲ್ಪಿಗಿ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಶ್ವಾಸಕೋಶ ನೋಡುವಾಗ ಅವು ಸಿಕ್ಕವು.

ಇಷ್ಟೆಲ್ಲ ದುಡಿಯುವ ಹೃದಯದ ಶಕ್ತಿ ಒಂದು ವಾಟಿಗಿಂತ ತುಸು ಹೆಚ್ಚು, ಅಷ್ಟೇ. ಹೊಲದ 5 ಎಚ್‌ಪಿ ಮೋಟರಿನದು 3,700 ವಾಟ್. ಆದರೆ ಮೋಟರಿಗೆ ಕರೆಂಟ್ ಹೋದಾಗಲಾದರೂ ಬಿಡುವು ಸಿಗುತ್ತದೆ. ಹೃದಯಕ್ಕಿರುವ ಬಿಡುವು ಎರಡು ಬಡಿತಗಳ ನಡುವಿನ ಅರ್ಧ ಸೆಕೆಂಡು ಮಾತ್ರ. ಮಾಡುವ ಕೆಲಸ ಎಂದರೆ ಒತ್ತಡ ಮತ್ತು ಎತ್ತಿದ ರಕ್ತದ ಗುಣಲಬ್ಧ. ಅಷ್ಟೇ ರಕ್ತವನ್ನು 120ರ ಬದಲು 180ರ ಒತ್ತಡದಲ್ಲಿ ಎತ್ತಬೇಕಾದರೆ ಅದೇ ಮುಷ್ಟಿಗಾತ್ರದ ಮಾಂಸ ಒಂದೂವರೆ ಪಟ್ಟು ದುಡಿಯಬೇಕು. ದಿನಕ್ಕೆ ಲಕ್ಷ ಸಲ.

ಮೇಲಿನದು, ಕೆಳಗಿನದು

ಎಡ ಹೃತ್ಕುಕ್ಷಿ ಹಿಂಡಿದಾಗ ಅಪಧಮನಿಗಳಲ್ಲಿ (ಹೃದಯದಿಂದ ರಕ್ತ ಒಯ್ಯುವ ಪೈಪುಗಳಲ್ಲಿ) ಏರುವ ಗರಿಷ್ಠ ಒತ್ತಡ ಮೇಲಿನ ಅಂಕಿ. ಹಿಂಡಿದ್ದು ಮುಗಿದು ಹೊರಬಾಗಿಲು ಮುಚ್ಚಿ, ಮುಂದಿನ ಬಡಿತ ಬರುವಷ್ಟರಲ್ಲಿ ಒತ್ತಡ ಇಳಿದು ನಿಲ್ಲುವ ಮಟ್ಟ ಕೆಳಗಿನ ಅಂಕಿ. ಪಂಪು ನಿಂತಿರುವಾಗ ಒತ್ತಡ ಸೊನ್ನೆಗೆ ಯಾಕೆ ಬೀಳುವುದಿಲ್ಲ? ಮಹಾಪಧಮನಿಯ ಗೋಡೆ ರಬ್ಬರಿನ ಗುಣದ್ದು. ಬಡಿತದ ರಕ್ತದಲ್ಲಿ ದೊಡ್ಡ ಪಾಲನ್ನು ಅದು ಉಬ್ಬಿ ಹಿಡಿದಿಟ್ಟುಕೊಂಡು, ಹೃದಯ ಸುಮ್ಮನಿರುವಾಗ ಕುಗ್ಗಿ ಮುಂದಕ್ಕೆ ತಳ್ಳುತ್ತದೆ. ವಿಜಯಪುರದ ಗಂಜ್ ಒತ್ತಡವನ್ನು ಕಳೆಯುತ್ತಿತ್ತು, ಮಹಾಪಧಮನಿ ಒತ್ತಡವನ್ನು ಕೂಡಿಟ್ಟು ಹಂಚುತ್ತದೆ. ಅದರಿಂದಲೇ ಬಿಟ್ಟುಬಿಟ್ಟು ಚಿಮ್ಮುವ ರಕ್ತ ಬೆರಳತುದಿಗೆ ಮುಟ್ಟುವಷ್ಟರಲ್ಲಿ ಕಾಲುವೆಯ ನೀರಿನಂತೆ ಸಮನಾಗಿ ಹರಿಯುತ್ತದೆ.

ವಯಸ್ಸಾದಂತೆ ಈ ರಬ್ಬರು ಗಡಸಾಗುತ್ತದೆ. ಉಬ್ಬದ ಪೈಪಿಗೆ ಅಷ್ಟೇ ರಕ್ತ ನುಗ್ಗಿದರೆ ಮೇಲಿನ ಅಂಕಿ ಏರುತ್ತದೆ, ಕುಗ್ಗಿ ತಳ್ಳುವ ಶಕ್ತಿ ಇಲ್ಲದ್ದರಿಂದ ಕೆಳಗಿನದು ಇಳಿಯುತ್ತದೆ. ಅರವತ್ತು ದಾಟಿದವರಲ್ಲಿ 165/75 ಕಾಣಿಸುವುದು ಇದಕ್ಕೇ. “ಕೆಳಗಿನದು ಸರಿ ಇದೆಯಲ್ಲ, ಚಿಂತಿ ಇಲ್ಲ” ಎನ್ನುವ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಈ ವಯಸ್ಸಿನಲ್ಲಿ ಅಪಾಯ ಹೇಳುವುದು ಮುಖ್ಯವಾಗಿ ಮೇಲಿನ ಅಂಕಿ. “ವಯಸ್ಸಿಗೆ ನೂರು ಕೂಡಿಸಿದಷ್ಟು ಬಿಪಿ ಇದ್ದರೆ ಸರಿ” ಎಂಬ ಹಳೆಯ ಲೆಕ್ಕವನ್ನೂ ಮರೆಯುವುದು ಒಳ್ಳೆಯದು. ಎಪ್ಪತ್ತರಲ್ಲಿ 170 ಸಾಮಾನ್ಯವಾಗಿ ಕಾಣುತ್ತದೆ, ಆರೋಗ್ಯವಂತೂ ಅಲ್ಲ.

ಕೆಳಗಿನ ಅಂಕಿಗೆ ಬೇರೆಯೇ ಕೆಲಸವಿದೆ. ಹೃದಯದ ಮಾಂಸಕ್ಕೇ ರಕ್ತ ಕೊಡುವ ಕೊರೊನರಿ ಅಪಧಮನಿಗಳು ಹೃದಯ ಹಿಂಡುವಾಗ ಒತ್ತಿಹೋಗುತ್ತವೆ. ಎಡ ಹೃತ್ಕುಕ್ಷಿಯ ಮಾಂಸಕ್ಕೆ ಊಟ ಸಿಗುವುದು ಬಹುಪಾಲು ಅದು ಸಡಿಲವಾದಾಗ. ಊರಿಗೆಲ್ಲ ಬಡಿಸಿದ ಮೇಲೆ ಉಣ್ಣುವ ಮನೆಯ ಹೆಂಗಸಿನ ಹಾಗೆ. ನಾಡಿ ಬಹಳ ಜೋರಾದರೆ ಈ ಸಡಿಲ ಹೊತ್ತು ಕಡಿಮೆಯಾಗಿ ಅದರ ಊಟಕ್ಕೇ ಕತ್ತರಿ ಬೀಳುತ್ತದೆ.

ಒತ್ತಡವನ್ನು ಮೊದಲು ಅಳೆದದ್ದು ಕುದುರೆಯಲ್ಲಿ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಹೆಣ್ಣು ಕುದುರೆಯೊಂದರ ತೊಡೆಯ ಅಪಧಮನಿಗೆ ಹಿತ್ತಾಳೆಯ ಕೊಳವೆ ತೂರಿಸಿ, ಅದಕ್ಕೆ 9 ಅಡಿಯ ಗಾಜಿನ ನಳಿಕೆ ಜೋಡಿಸಿದ. ರಕ್ತ ಹೃದಯದ ಮಟ್ಟದಿಂದ 8 ಅಡಿ 3 ಅಂಗುಲ ಮೇಲೇರಿ ನಿಂತಿತು. 1733ರಲ್ಲಿ ಇದನ್ನು ಪ್ರಕಟಿಸಿದ. ಮನುಷ್ಯರಲ್ಲಿ 120 ಎಂದರೆ ರಕ್ತ ಸುಮಾರು ಒಂದೂವರೆ ಮೀಟರ್ ಮೇಲೇರುವಷ್ಟು ಒತ್ತಡ. ಅಷ್ಟುದ್ದದ ನಳಿಕೆ ಯಾರೂ ಹೊತ್ತು ತಿರುಗಲಾರರು. ಪಾದರಸ ನೀರಿಗಿಂತ 13.6 ಪಟ್ಟು ಭಾರ, ಅದೇ ಒತ್ತಡಕ್ಕೆ 120 ಮಿಲಿಮೀಟರ್ ಏರಿದರೆ ಸಾಕು. ಪಾದರಸದ ಯಂತ್ರ ಮೂಲೆ ಸೇರುತ್ತಿದ್ದರೂ ಅದರ ಮಿಲಿಮೀಟರ್ ಮಾತ್ರ ಇನ್ನೂ ಉಳಿದಿದೆ.

ಕೂದಲೆಳೆಯಷ್ಟು ಬಿಗಿದರೂ

ಮಹಾಪಧಮನಿಯಲ್ಲಿ ಸರಾಸರಿ 93ರಷ್ಟಿರುವ ಒತ್ತಡ (120/80 ಇದ್ದಾಗ ಕೆಳಗಿನ ಅಂಕಿಗೆ ಎರಡರ ವ್ಯತ್ಯಾಸದ ಮೂರನೇ ಒಂದು ಪಾಲು ಕೂಡಿಸಿ) ಲೋಮನಾಳದ ಬಾಯಿಗೆ ಬರುವಷ್ಟರಲ್ಲಿ 35ಕ್ಕೆ ಇಳಿದಿರುತ್ತದೆ. ಹೃದಯಕ್ಕೆ ಮರಳುವಾಗ ಹೆಚ್ಚುಕಡಿಮೆ ಸೊನ್ನೆ. ಈ ಇಳಿತದ ದೊಡ್ಡ ಪಾಲು ನಡೆಯುವುದು ದೊಡ್ಡ ಪೈಪುಗಳಲ್ಲಲ್ಲ, ಲೋಮನಾಳಕ್ಕಿಂತ ಮೊದಲು ಬರುವ ಕಿರು ಅಪಧಮನಿಗಳಲ್ಲಿ. ಇವು ಮೈಯ ಗೇಟ್‌ವಾಲ್ವ್‌ಗಳು. ಇವುಗಳ ಗೋಡೆಯಲ್ಲಿ ಸುತ್ತಲೂ ಸ್ನಾಯುವಿದೆ. ಊಟವಾದಾಗ ಹೊಟ್ಟೆಯ ಕಡೆಯವು, ಕಬ್ಬು ಕಡಿಯುವಾಗ ತೋಳಿನ ಕಡೆಯವು ತೆರೆದುಕೊಳ್ಳುತ್ತವೆ.

ಕಿರಿದಾದ ಕೊಳವೆಯಲ್ಲಿ ದ್ರವ ಹರಿಯುವ ಬಗೆಯನ್ನು 19ನೇ ಶತಮಾನದಲ್ಲಿ ಫ್ರಾನ್ಸಿನ ಪ್ವಾಸ್ಯೂ ಅಳೆದು ನೋಡಿದ. ತಡೆ ಎನ್ನುವುದು ತ್ರಿಜ್ಯದ ನಾಲ್ಕನೇ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ. ಒಳತ್ರಿಜ್ಯ ಅರ್ಧವಾದರೆ ಹರಿವು ಅರ್ಧವಲ್ಲ, ಹದಿನಾರರಲ್ಲಿ ಒಂದು ಪಾಲು. ಬರೀ 16 ಶೇಕಡಾ ಕಿರಿದಾದರೂ ತಡೆ ಎರಡು ಪಟ್ಟು. ಎರಡು ಅಂಗುಲದ ಪೈಪಿನ ಜಾಗದಲ್ಲಿ ಒಂದೂವರೆ ಅಂಗುಲದ್ದನ್ನು ಹಾಕಿದ ರೈತರಿಗೆ ಇದರ ಬಿಸಿ ಗೊತ್ತು. ಬಿಪಿ ಏರಿದವರಲ್ಲಿ ಹೆಚ್ಚಿನವರ ಮೂಲ ತೊಂದರೆ ಇಲ್ಲೇ. ಪಂಪು ಜೋರಾಗಿಲ್ಲ, ಕಿರುಪೈಪುಗಳು ಬಿಗಿದಿವೆ.

ತಂಬಾಕು ಬಿಗಿಯುವುದೂ ಇಲ್ಲಿಯೇ. ನಿಪ್ಪಾಣಿಯ ಹೊಲದಲ್ಲಿ ಬೆಳೆದದ್ದು ಬೀಡಿಯಾಗಿ ಎದೆಗೆ ಹೋದರೂ, ಸುಣ್ಣ ಹಚ್ಚಿ ತಿಕ್ಕಿದ್ದು ತುಟಿಯ ಸಂದಿಯಲ್ಲಿ ಕೂತರೂ ನಿಕೋಟಿನ್ ಒಂದೇ. ಅಡ್ರಿನಲಿನ್ ಬಿಡಿಸಿ, ಕಿರುಪೈಪು ಬಿಗಿದು, ನಾಡಿಯನ್ನೂ ಏರಿಸುತ್ತದೆ. “ಸೇದೋದು ಬಿಟ್ಟು ತಿನ್ನೋದು ಹಿಡಿದೀನಿ” ಎನ್ನುವುದರಿಂದ ಬಿಪಿಯ ಲೆಕ್ಕದಲ್ಲಿ ಸಿಗುವ ಲಾಭ ಬಹಳ ಕಡಿಮೆ.

ಉಪ್ಪಿನ ಲೆಕ್ಕ

ಮೂರನೆಯದು ನೀರು. ಇದರ ಕಾವಲುಗಾರ ಕಿಡ್ನಿ. ಹೃದಯ ಎತ್ತಿದ ರಕ್ತದಲ್ಲಿ ಐದನೇ ಒಂದು ಪಾಲು ನೇರ ಕಿಡ್ನಿಗೆ ಹೋಗುತ್ತದೆ. ದಿನಕ್ಕೆ 180 ಲೀಟರ್ ಸೋಸಿ, ಒಂದೂವರೆ ಎರಡು ಲೀಟರ್ ಹೊರಬಿಟ್ಟು, ಉಳಿದದ್ದನ್ನು ಮರಳಿ ರಕ್ತಕ್ಕೆ ಸೇರಿಸುತ್ತವೆ. ತಮಗೆ ಬರುವ ಒತ್ತಡ ಕಡಿಮೆ ಎನಿಸಿದರೆ ರೆನಿನ್ ಎಂಬ ರಾಸಾಯನಿಕ ಬಿಡುತ್ತವೆ. ಅದರಿಂದ ಆಂಜಿಯೊಟೆನ್ಸಿನ್ ಹುಟ್ಟಿ ಪೈಪುಗಳನ್ನು ಬಿಗಿಯುತ್ತದೆ, ಜೊತೆಗೆ ಉಪ್ಪು ಹಿಡಿದಿಡು ಎಂದು ಕಿಡ್ನಿಗೆ ಹೇಳುವ ಇನ್ನೊಂದು ಹಾರ್ಮೋನನ್ನು ಕರೆಯುತ್ತದೆ. ಉಪ್ಪು ನಿಂತಲ್ಲಿ ನೀರು ನಿಲ್ಲುತ್ತದೆ.

ಎಷ್ಟು ಉಪ್ಪಿಗೆ ಎಷ್ಟು ನೀರು? ಸಲಾಯಿನ್ ಬಾಟಲಿಯ ಮೇಲೇ ಬರೆದಿದೆ: 0.9 ಶೇಕಡಾ. ಅಂದರೆ 9 ಗ್ರಾಂ ಉಪ್ಪಿಗೆ ಒಂದು ಲೀಟರ್. ಮೈಯಲ್ಲೂ ಹೆಚ್ಚುಕಡಿಮೆ ಇದೇ ಪ್ರಮಾಣ. ಕಿಡ್ನಿ ಹೊರಹಾಕದ ಪ್ರತಿ 9 ಗ್ರಾಂ ಉಪ್ಪು ಒಂದು ಲೀಟರ್ ನೀರನ್ನು ಹಿಡಿದು ಕೂರುತ್ತದೆ. ಸುಸ್ತಾದ ಕೂಡಲೇ ಒಂದು ಸಲಾಯಿನ್ ಹಚ್ಚಿಸಿಕೊಂಡು ಬರುವ ರೂಢಿ ನಮ್ಮ ಕಡೆ ಬಲವಾಗಿದೆ. ಅರ್ಧ ಲೀಟರಿನ ಆ ಬಾಟಲಿಯಲ್ಲಿ ನಾಲ್ಕೂವರೆ ಗ್ರಾಂ ಉಪ್ಪಿದೆ, ಒಂದು ದಿನದ ಪೂರ್ತಿ ಪಾಲು ಸುಮಾರಾಗಿ. ವಾಂತಿ ಭೇದಿಯಾಗಿ ನೀರು ಕಳೆದುಕೊಂಡವರಿಗೆ ಅದು ಜೀವ ಉಳಿಸುತ್ತದೆ. ಬಿಪಿ ಇರುವ, ಹೃದಯದ ಶಕ್ತಿ ಕುಂದಿದ ಹಿರಿಯರಿಗೆ ಅದೇ ಬಾಟಲಿ ಶ್ವಾಸಕೋಶದಲ್ಲಿ ನೀರು ತುಂಬಿಸಬಹುದು. ಸೂಜಿ ಚುಚ್ಚುವ ಮೊದಲು “ಬಿಪಿ ಇದೆ, ಕಾಲು ಬಾವು ಬರುತ್ತದೆ” ಎಂದು ಹೇಳಲೇಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ 5 ಗ್ರಾಂ ಒಳಗೆ, ಒಂದು ಸಣ್ಣ ಚಮಚೆಗಿಂತ ಕಡಿಮೆ. ಅಡುಗೆಮನೆಯಲ್ಲಿ ಯಾರೂ ಗ್ರಾಂ ತೂಗುವುದಿಲ್ಲ, ಪಾಕೀಟು ಎಣಿಸುವುದೇ ಸುಲಭ. ನಾಲ್ಕು ಮಂದಿಯ ಮನೆಯಲ್ಲಿ ಒಂದು ಕಿಲೋ ಪಾಕೀಟು 50 ದಿನ ಬರಬೇಕು. ತಿಂಗಳಿಗೆ ಖಾಲಿಯಾದರೆ ತಲೆಗೆ 8 ಗ್ರಾಂ ದಾಟಿತು. ಬೇಕರಿಯ ಖಾರಿ, ಅಂಗಡಿಯ ಚೂಡಾ, ಸಂತೆಯ ಮಿರ್ಚಿ ಭಜಿ ಇದರ ಮೇಲೆ. ಜೋಳದ ರೊಟ್ಟಿಯ ಒಳ್ಳೆಯತನವೆಂದರೆ ಬಹಳ ಮನೆಗಳಲ್ಲಿ ಅದಕ್ಕೆ ಉಪ್ಪೇ ಹಾಕುವುದಿಲ್ಲ. ಉಪ್ಪು ಬರುವುದು ಬದಿಯಲ್ಲಿರುವವುಗಳಿಂದ: ಕೆಂಪು ಖಾರ, ಕರಿಂಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ. ರೊಟ್ಟಿ ಬಿಡಬೇಕಾಗಿಲ್ಲ, ಬದಿಯಲ್ಲಿ ಪಲ್ಯೆ ಮತ್ತು ಬೇಳೆ ಹೆಚ್ಚಿಸಿ ಖಾರವನ್ನು ನಾಲಿಗೆಗೆ ಮುಟ್ಟಿಸುವಷ್ಟಕ್ಕೆ ಇಳಿಸಿದರೆ ಅರ್ಧ ಕೆಲಸ ಆಯಿತು. ಸೈಂಧವ ಉಪ್ಪೂ ಉಪ್ಪೇ, ಕಲ್ಲುಪ್ಪೂ ಉಪ್ಪೇ. ಪೊಟ್ಯಾಸಿಯಂ ಬೆರೆಸಿದ ಕಡಿಮೆ ಸೋಡಿಯಂ ಉಪ್ಪು ನಿಜವಾಗಿ ನೆರವಾಗುತ್ತದೆ. ಆದರೆ ಕಿಡ್ನಿ ತೊಂದರೆ ಇದ್ದವರು, ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಬಗೆಯ ಬಿಪಿ ಗುಳಿಗೆ ನುಂಗುವವರು ವೈದ್ಯರನ್ನು ಕೇಳದೆ ಅದನ್ನು ತರಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ಹಳಿ ತಪ್ಪುತ್ತದೆ.

ಅಳೆಯುವಲ್ಲೇ ತಪ್ಪಿದರೆ

ಬಸ್ಸಿಳಿದು, ಮೆಟ್ಟಿಲು ಹತ್ತಿ, ಸಾಲಿನಲ್ಲಿ ನಿಂತು, ಒಳಗೆ ಹೋದ ಕೂಡಲೇ ಅಂಗಿಯ ತೋಳಿನ ಮೇಲೇ ಪಟ್ಟಿ ಸುತ್ತಿಸಿಕೊಂಡು ಬಂದ 156/94 ನಂಬಿ ಜೀವನಪೂರ್ತಿ ಗುಳಿಗೆ ಶುರು ಮಾಡುವುದು ನ್ಯಾಯವಲ್ಲ. ಹಾಗೆಂದು “ಅದು ಗಾಬರಿಗೆ ಬಂದದ್ದು” ಎಂದು ಕಡೆಗಣಿಸುವುದೂ ನ್ಯಾಯವಲ್ಲ. ಸರಿಯಾಗಿ ಅಳೆಯುವುದೇ ದಾರಿ.

ಅರ್ಧ ಗಂಟೆ ಮೊದಲಿನಿಂದ ಚಹಾ, ಬೀಡಿ, ತಂಬಾಕು, ಜೋರು ಕೆಲಸ ಬೇಡ. ಮೂತ್ರಕ್ಕೆ ಹೋಗಿ ಬನ್ನಿ, ತುಂಬಿದ ಚೀಲವೂ ಅಂಕಿಯನ್ನು ಏರಿಸುತ್ತದೆ. ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ ಕೂತು, ಎರಡೂ ಪಾದ ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನಿರಿ. ಪಟ್ಟಿಯನ್ನು ಬರಿತೋಳಿಗೆ, ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲೆ ಸುತ್ತಬೇಕು. ತೋಳನ್ನು ಮೇಜಿನ ಮೇಲೆ ಹೃದಯದ ಮಟ್ಟಕ್ಕೆ ಇಟ್ಟುಕೊಳ್ಳಿ. ತೋಳು 10 ಸೆಂಟಿಮೀಟರ್ ಕೆಳಗೆ ಜೋತುಬಿದ್ದಿದ್ದರೆ ಅಂಕಿ 7–8 ಹೆಚ್ಚು ಬರುತ್ತದೆ. ಇದು ಯಂತ್ರದ ದೋಷವಲ್ಲ, ಹೇಲ್ಸನ ನಳಿಕೆಯ ಲೆಕ್ಕವೇ. ಅಷ್ಟು ಎತ್ತರದ ರಕ್ತದ ಭಾರ ಅಲ್ಲಿ ಕೂಡಿಕೊಂಡಿತು. ಅಳೆಯುವಾಗ ಮಾತು ಬೇಡ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆದು ಎರಡನ್ನೂ ಬರೆಯಿರಿ.

ಪಟ್ಟಿಯ ಗಾತ್ರದ ಬಗ್ಗೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ 80 ಶೇಕಡಾದಷ್ಟನ್ನು ಸುತ್ತಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಹಾಕಿದರೆ ಇಲ್ಲದ ಬಿಪಿ ಕಾಣಿಸಿಕೊಳ್ಳುತ್ತದೆ. ಕೊಳ್ಳುವ ಮೊದಲು ಟೇಪಿನಲ್ಲಿ ತೋಳಿನ ನಡುಭಾಗ ಅಳೆದು, ಪಟ್ಟಿಯ ಮೇಲೆ ಅಚ್ಚಾದ ಸೆಂಟಿಮೀಟರಿಗೆ ಹೋಲಿಸಿ. ಮಣಿಕಟ್ಟಿನ ಯಂತ್ರಕ್ಕಿಂತ ತೋಳಿನದೇ ಮೇಲು. ವೈದ್ಯರು ಸ್ಟೆತಾಸ್ಕೋಪ್ ಇಟ್ಟು ಕೇಳುವುದು 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಗುರುತಿಸಿದ ಸದ್ದುಗಳನ್ನು. ಪಟ್ಟಿ ಸಡಿಲಿಸುವಾಗ ಮೊದಲ ಟಕ್ ಮೇಲಿನ ಅಂಕಿ, ಸದ್ದು ಅಡಗಿದ್ದು ಕೆಳಗಿನದು. ಮನೆಯ ಡಿಜಿಟಲ್ ಯಂತ್ರ ಸದ್ದು ಕೇಳುವುದಿಲ್ಲ, ಪಟ್ಟಿಯೊಳಗಿನ ಕಂಪನ ನೋಡಿ ಲೆಕ್ಕ ಹಾಕುತ್ತದೆ. ನಾಡಿಯ ಬಡಿತ ಏರುಪೇರಾಗಿರುವವರಲ್ಲಿ ಅದು ಎಡವುವುದು ಇದಕ್ಕೇ.

ಮೊದಲ ಸಲ ಎರಡೂ ತೋಳು ನೋಡಿ, ಹೆಚ್ಚು ಬಂದ ತೋಳನ್ನೇ ಮುಂದೆ ಬಳಸಬೇಕು. ಏಳು ದಿನ ಬೆಳಿಗ್ಗೆ ಸಂಜೆ ಎರಡೆರಡು ಸಲ ಬರೆದು, ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಬೆಳಿಗ್ಗೆ ಗುಳಿಗೆ ನುಂಗುವ ಮೊದಲೇ ಅಳೆಯಬೇಕು. ಮನೆಯ ಸರಾಸರಿ 135/85 ದಾಟಿದರೆ, ದವಾಖಾನೆಯಲ್ಲಿ ಬೇರೆಬೇರೆ ದಿನ 140/90 ದಾಟಿದರೆ ಬಿಪಿ ಇದೆ ಎಂದು ಹಿಡಿಯುತ್ತಾರೆ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೂವತ್ತು ದಾಟಿದವರಿಗೆ ಈ ತಪಾಸಣೆ ಉಚಿತ. ತಲೆ ಸುತ್ತಿದರೆ ನೋಡಿಸೋಣ ಎಂದು ಕಾಯುವುದರಲ್ಲಿ ಅರ್ಥವಿಲ್ಲ. 160 ಇದ್ದವರಲ್ಲೂ ಬಹುಪಾಲು ಮಂದಿಗೆ ಏನೂ ಅನಿಸುವುದಿಲ್ಲ. ಆ ಸದ್ದಿಲ್ಲದ ವರ್ಷಗಳಲ್ಲೇ ಎಡಪಂಪಿನ ಗೋಡೆ ದಪ್ಪವಾಗುತ್ತದೆ, ಅಪಧಮನಿಯ ಒಳಪದರ ಕೆದರಿ ಕೊಬ್ಬು ಕೂರುತ್ತದೆ, ಕಿಡ್ನಿಯ ಸೋಸುಕಗಳು ಒಂದೊಂದಾಗಿ ಕೆಡುತ್ತವೆ, ಮೆದುಳಿನ ಸಣ್ಣ ಪೈಪುಗಳು ಬಿರಿಯಲು ತಯಾರಾಗುತ್ತವೆ.

ನಿಮ್ಮ ಗುಳಿಗೆ ಎಲ್ಲಿ ಕೆಲಸ ಮಾಡುತ್ತದೆ

ಆಮ್ಲೋಡಿಪಿನ್ ಪೈಪಿನದು. ಕಿರು ಅಪಧಮನಿಯ ಸ್ನಾಯುವನ್ನು ಸಡಿಲಿಸುತ್ತದೆ. ಕೆಲವರಿಗೆ ಸಂಜೆ ಹೊತ್ತಿಗೆ ಹಿಮ್ಮಡಿ, ಕಣಕಾಲು ಊದುತ್ತದೆ. “ಕಿಡ್ನಿ ಹೋಯಿತು” ಎಂದು ಗಾಬರಿಯಾಗಿ ಗುಳಿಗೆ ಎಸೆದವರಿದ್ದಾರೆ. ಕಾರಣ ಸರಳ: ಒಳಬರುವ ಗೇಟು ಪೂರ್ತಿ ತೆರೆಯಿತು, ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿಯ ಹೊರಗೇಟು ಅಷ್ಟು ತೆರೆಯಲಿಲ್ಲ, ನಡುವಿನ ಲೋಮನಾಳದಿಂದ ನೀರು ಜಿನುಗಿತು. ವೈದ್ಯರು ಪ್ರಮಾಣ ಇಳಿಸಬಹುದು ಅಥವಾ ಟೆಲ್ಮಿಸಾರ್ಟಾನ್ ಜೋಡಿಸಬಹುದು, ಅದು ಹೊರಗೇಟನ್ನೂ ಸ್ವಲ್ಪ ತೆರೆಯುತ್ತದೆ.

ಟೆಲ್ಮಿಸಾರ್ಟಾನ್, ಲೊಸಾರ್ಟಾನ್‌ಗಳು ಆಂಜಿಯೊಟೆನ್ಸಿನ್ನಿನ ಮಾತು ಕೇಳದಂತೆ ಮಾಡುತ್ತವೆ, ಪೈಪಿಗೂ ನೀರಿಗೂ ಎರಡಕ್ಕೂ ಕೈ ಹಾಕಿದ ಹಾಗೆ. ಎನಾಲಾಪ್ರಿಲ್, ರಾಮಿಪ್ರಿಲ್ ಅದೇ ಸರಪಳಿಯನ್ನು ಒಂದು ಹೆಜ್ಜೆ ಮೊದಲೇ ಕಡಿಯುತ್ತವೆ. ಅವುಗಳಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ, ಕೆಮ್ಮಿನ ಔಷಧಿಗೆ ಅದು ಬಗ್ಗುವುದಿಲ್ಲ, ಗುಳಿಗೆ ಬದಲಿಸಬೇಕು. ಈ ಎರಡೂ ಗುಂಪು ಗರ್ಭಿಣಿಯರಿಗೆ ಸಲ್ಲವು, ಹೊಟ್ಟೆಯ ಕೂಸಿನ ಕಿಡ್ನಿಗೆ ಅಪಾಯ. ಕ್ಲೋರ್ಥಾಲಿಡೋನ್, ಹೈಡ್ರೋಕ್ಲೋರೋಥಯಾಜೈಡ್ ನೀರಿನವು: ಮೂತ್ರದಲ್ಲಿ ಉಪ್ಪು ಹೊರಹಾಕಿಸುತ್ತವೆ, ಜೊತೆಗೆ ಪೊಟ್ಯಾಸಿಯಂ ಕೂಡ. ಮೆಟೊಪ್ರೊಲಾಲ್, ಅಟೆನೊಲಾಲ್ ಪಂಪಿನವು, ಬಡಿತದ ವೇಗ ಇಳಿಸುತ್ತವೆ. ಇವನ್ನು ಒಮ್ಮೆಲೇ ನಿಲ್ಲಿಸಿದರೆ ತಡೆದಿಟ್ಟ ಹೃದಯ ಹಗ್ಗ ಬಿಚ್ಚಿದ ಹೋರಿಯಂತಾಗಿ ಎದೆನೋವು, ಹೃದಯಾಘಾತಕ್ಕೂ ದಾರಿಯಾಗಬಹುದು.

ಎರಡು ಸಣ್ಣ ಗುಳಿಗೆ ಕೊಟ್ಟರೆ “ಬಿಪಿ ಬಹಳ ಜಾಸ್ತಿ ಆಗೇದ” ಎಂದುಕೊಳ್ಳಬೇಕಿಲ್ಲ. ಒಂದೇ ಕಡೆ ಹೆಚ್ಚು ಒತ್ತುವ ಬದಲು ಎರಡು ಕಡೆ ಸ್ವಲ್ಪಸ್ವಲ್ಪ ಒತ್ತುವುದು ಜಾಣತನ, ಅಡ್ಡಪರಿಣಾಮವೂ ಕಡಿಮೆ. 128/80 ಬಂತೆಂದು ಗುಳಿಗೆ ಬಿಡುವುದಂತೂ ಮೋಟರಿನಿಂದ ತೊಟ್ಟಿ ತುಂಬಿತೆಂದು ಬಾವಿಯನ್ನೇ ಮುಚ್ಚಿದ ಹಾಗೆ. ಆ ಅಂಕಿ ಬಂದದ್ದು ಗುಳಿಗೆಯಿಂದ. ಬಿಟ್ಟರೆ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಹಳೆಯ ಅಂಕಿ ಮರಳುತ್ತದೆ. ಗುಳಿಗೆ ನುಂಗಿದರೂ ಇಳಿಯದಿದ್ದರೆ ಮೊದಲು ಹುಡುಕಬೇಕಾದದ್ದು ಮೈಕೈ ನೋವಿನ ಗುಳಿಗೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳು ಕಿಡ್ನಿಯಲ್ಲಿ ಉಪ್ಪು ನಿಲ್ಲಿಸಿ ಬಿಪಿ ಏರಿಸುತ್ತವೆ, ಬಿಪಿ ಗುಳಿಗೆಯ ಕೆಲಸವನ್ನೂ ಕೆಡಿಸುತ್ತವೆ. ಕಬ್ಬು ಕಡಿಯುವ ತಿಂಗಳುಗಳಲ್ಲಿ ಇವು ಕಿರಾಣಿ ಅಂಗಡಿಯಲ್ಲಿ ಸಿಗುವ ಊರುಗಳೂ ಇವೆ.

ಏಪ್ರಿಲ್–ಮೇ ತಿಂಗಳ ಮಾತು

ವಿಜಯಪುರ, ಬಾಗಲಕೋಟೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಮೂರೂ ಕಡೆ ಒಮ್ಮೆಗೇ ಬದಲಾವಣೆಯಾಗುತ್ತದೆ. ಮೈ ತಣಿಸಲು ಚರ್ಮದ ಪೈಪುಗಳು ತೆರೆಯುತ್ತವೆ, ಬೆವರಿನಲ್ಲಿ ನೀರು ಉಪ್ಪು ಎರಡೂ ಹೋಗುತ್ತವೆ, ಒತ್ತಡ ಹಿಡಿದಿಡಲು ಪಂಪು ಓಡತೊಡಗುತ್ತದೆ. ಇದರ ಮೇಲೆ ಉಪ್ಪು ಹೊರಹಾಕುವ ಗುಳಿಗೆಯೂ ಸೇರಿದರೆ ಚಳಿಗಾಲದಲ್ಲಿ ಸರಿಯಾಗಿದ್ದ ಪ್ರಮಾಣ ಬೇಸಿಗೆಯಲ್ಲಿ ಹೆಚ್ಚಾಗುತ್ತದೆ. ಹಾಸಿಗೆಯಿಂದ ಎದ್ದು ನಿಂತಾಗ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹೊಟ್ಟೆ ಕಾಲುಗಳಿಗೆ ಇಳಿಯುತ್ತದೆ. ಕತ್ತಿನ ಅಪಧಮನಿಯಲ್ಲಿರುವ ಒತ್ತಡದ ಸಂವೇದಕಗಳು ಇದನ್ನು ಕ್ಷಣದಲ್ಲೇ ಗುರುತಿಸಿ ಪೈಪು ಬಿಗಿದು ನಾಡಿ ಏರಿಸಬೇಕು. ನೀರು ಕಡಿಮೆಯಿದ್ದರೆ ಅವುಗಳ ಆಟ ಸಾಗದು, ಕಣ್ಣು ಕತ್ತಲೆ ಬರುತ್ತದೆ. ಕೂತಾಗ ಒಮ್ಮೆ, ನಿಂತು ಒಂದು ಮತ್ತು ಮೂರು ನಿಮಿಷಕ್ಕೆ ಇನ್ನೆರಡು ಸಲ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಆ ಚೀಟಿ ಹಿಡಿದು ವೈದ್ಯರ ಬಳಿ ಹೋಗಿ, ಪ್ರಮಾಣ ಅವರು ಬದಲಿಸಲಿ. ಹೊಲದಲ್ಲಿ ದಿನವಿಡೀ ಬೆವರು ಸುರಿಸುವವರಿಗೆ ಮಜ್ಜಿಗೆ ಸರಿ, ಅದೇ ನೆಪದಲ್ಲಿ ಫ್ಯಾನಿನ ಕೆಳಗೆ ಕೂತವರು ಉಪ್ಪು ಸುರಿದುಕೊಳ್ಳಬೇಕಿಲ್ಲ.

ಇನ್ನೊಂದು ಗೊಂದಲ ಹೆಂಗಸರದು. ಸುಸ್ತು, ಏದುಸಿರು, ಎದೆ ಡವಡವ ಎಂದರೆ “ಲೋ ಬಿಪಿ” ಎನ್ನುತ್ತಾರೆ. ಬಹಳ ಸಲ ಕಡಿಮೆಯಿರುವುದು ಒತ್ತಡವಲ್ಲ, ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್. ಪೈಪಿನಲ್ಲಿ ನೀರು ಅಷ್ಟೇ ಇದೆ, ಅದರಲ್ಲಿ ಸಾಗುವ ಸರಕು ಕಡಿಮೆ. ಆ ಕೊರತೆ ತುಂಬಲು ಹೃದಯ ಜೋರಾಗಿ ಓಡುತ್ತದೆ. ಹೆಂಗಸರಲ್ಲಿ 12, ಗರ್ಭಿಣಿಯರಲ್ಲಿ 11 ಗ್ರಾಂಗಿಂತ ಕಡಿಮೆ ಎಂದರೆ ರಕ್ತಹೀನತೆ. ಇದಕ್ಕೆ ಉಪ್ಪುನೀರೂ ಸಲಾಯಿನ್ನೂ ಔಷಧಿಯಲ್ಲ, ಕಬ್ಬಿಣದ ಗುಳಿಗೆ. ಚಹಾದ ಜೊತೆ ನುಂಗಿದರೆ ಮೈಗೆ ಅಷ್ಟಾಗಿ ಹತ್ತುವುದಿಲ್ಲ, ಲಿಂಬೆಹಣ್ಣಿನ ನೀರಿನ ಜೊತೆ ಒಳ್ಳೆಯದು. ಕೆಂಪುರಕ್ತಕಣದ ಆಯುಸ್ಸು 120 ದಿನ, ಹಾಗಾಗಿ ಹತ್ತು ದಿನ ನುಂಗಿ ಗುಣವಿಲ್ಲ ಎಂದು ಬಿಡುವಂತಿಲ್ಲ.

180/120 ಕಂಡರೆ

ಮೊದಲು ಐದು ನಿಮಿಷ ಕೂತು ಮತ್ತೊಮ್ಮೆ ಅಳೆಯಿರಿ. ಅಷ್ಟೇ ಇದ್ದು ಬೇರೆ ಯಾವ ತೊಂದರೆಯೂ ಇಲ್ಲದಿದ್ದರೆ ಅದೇ ದಿನ ವೈದ್ಯರನ್ನು ಕಾಣಿ. ನಾಲಿಗೆ ಕೆಳಗೆ ಕ್ಯಾಪ್ಸೂಲ್ ಒಡೆದು ಹಾಕುವ ಹಳೆಯ ಪದ್ಧತಿ ಬೇಡವೇ ಬೇಡ. ಹೆಚ್ಚಿನ ಒತ್ತಡಕ್ಕೆ ಒಗ್ಗಿಹೋದ ಮೆದುಳಿಗೆ ಒತ್ತಡ ದಿಢೀರನೆ ಕುಸಿದರೆ ರಕ್ತವೇ ಸಾಲುವುದಿಲ್ಲ. ಎದೆನೋವು, ಉಸಿರುಕಟ್ಟು, ಮಾತು ತೊದಲುವುದು, ಬಾಯಿ ವಾರೆಯಾಗುವುದು, ಒಂದು ಕೈ ಕಾಲು ಸೋಲುವುದು, ಕಣ್ಣು ಮಂಜಾಗುವುದು ಜೊತೆಗಿದ್ದರೆ ತಡ ಮಾಡದೆ 108.

ಲಕ್ವಾ ಹೊಡೆದವರಿಗೆ ಮನೆಯಲ್ಲಿ ಬಿಪಿ ಗುಳಿಗೆ ನುಂಗಿಸುವುದು ಒಳ್ಳೆಯ ಮನಸ್ಸಿನಿಂದ ಆಗುವ ದೊಡ್ಡ ತಪ್ಪು. ಮೆದುಳಿನ ಪೈಪೊಂದು ಕಟ್ಟಿಕೊಂಡಾಗ ಅಕ್ಕಪಕ್ಕದ ಸಂದಿಗಳಿಂದಾದರೂ ರಕ್ತ ತಳ್ಳಲು ಮೈ ತಾನೇ ಒತ್ತಡ ಏರಿಸಿಕೊಂಡಿರುತ್ತದೆ. ಅದನ್ನು ಇಳಿಸಿದರೆ ಉಳಿಯಬಹುದಾಗಿದ್ದ ಭಾಗವೂ ಹೋಗುತ್ತದೆ. ಪೈಪು ಕಟ್ಟಿದೆಯೋ ಒಡೆದಿದೆಯೋ ಎಂದು ಹೇಳುವುದು ಸಿಟಿ ಅಥವಾ ಎಂಆರ್‌ಐ ಸ್ಕ್ಯಾನ್ ಮಾತ್ರ, ಎರಡರ ಚಿಕಿತ್ಸೆ ಒಂದಕ್ಕೊಂದು ವಿರುದ್ಧ. ನುಂಗಲು ಏನನ್ನೂ ಕೊಡಬಾರದು, ನೀರು ಕೂಡ, ಉಸಿರಿನ ನಳಿಗೆ ಇಳಿಯುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ ಹೊತ್ತು ಲಕ್ಷಣ ಶುರುವಾದಲ್ಲಿಂದ ನಾಲ್ಕೂವರೆ ಗಂಟೆ. ಇಂಡಿ, ಸಿಂದಗಿಯಿಂದ ವಿಜಯಪುರಕ್ಕೆ, ಅಥಣಿ, ರಾಯಬಾಗದಿಂದ ಬೆಳಗಾವಿಗೆ ಬರುವ ದಾರಿಯೇ ಅದರಲ್ಲಿ ದೊಡ್ಡ ಪಾಲು ತಿನ್ನುತ್ತದೆ. ಆದ್ದರಿಂದ ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಮೊದಲೇ ತಿಳಿದುಕೊಂಡು ನೇರ ಅಲ್ಲಿಗೇ ಹೋಗಬೇಕು. ರೋಗಿ ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ಚೀಟಿಯಲ್ಲಿ ಬರೆದು, ದಿನಾ ನುಂಗುವ ಗುಳಿಗೆಗಳ ಸ್ಟ್ರಿಪ್‌ಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಜೊತೆಗೊಯ್ಯಿರಿ. ಅಲ್ಲಿ ಕೇಳುವ ಮೊದಲ ಎರಡು ಪ್ರಶ್ನೆ ಅವೇ.